ಹೊರಪೇಟೆಯ ಬಾಕಿ

ಹೊರಪೇಟೆ ಅನ್ನೂ ಊರು ಎಲ್ಲೂ ಇರಲಿಲ್ಲರಿ.
ಬಸ್ಸಿಗೆ ಆ ಹೆಸರಿನ ಬೋರ್ಡಿಲ್ಲ, ಅಂಚೆಗೆ ಮೊಹರಿಲ್ಲ,
ಅಲ್ಲಿಂದ ಹೆಣ್ಣು ತಂದವರಿಲ್ಲ, ಅಲ್ಲಿಗೆ ಕೊಟ್ಟವರಿಲ್ಲ.
ವಡಗಾವಿಯ ಒಂದಿಷ್ಟು ಓಣಿ, ಖಾಸಬಾಗದ ಬೆನ್ನು,
ನಾಲಾದ ಆಚಿ ಬಾಸಮತಿ ಗದ್ದಿ, ನಾಲ್ಕು ಹಳ್ಳಿ, ಒಂದು ರೈಲ್ವೆ ಗೇಟು,
ಇಷ್ಟನ್ನೂ ಯಾರೋ ಸಾಹೇಬ
ಕೆಂಪು ಪೆನ್ಸಿಲ್ಲಿನಿಂದ ಸುತ್ತು ಹಾಕಿ ಹೆಸರಿಟ್ಟ.
ಐದು ವರ್ಷಕ್ಕೊಮ್ಮೆ ಮುಂಜಾನೆ ಹುಟ್ಟಿ
ಸಂಜಿ ಐದಕ್ಕ ಕಬ್ಬಿಣದ ಡಬ್ಬಿಯೊಳಗ
ಅರಗಿನ ಸೀಲಿನ ಕೆಳಗ ಮಲಗತಿತ್ತು ನಮ್ಮ ಕ್ಷೇತ್ರ.

ಅದಕ್ಕ ಮೈ ಕೊಟ್ಟಾಂವ ನಾ, ಬಾಳೇಶಿ ಪೇಂಟರ್.
ನೀಲಿಯೊಳಗ ಒಂಟಿ, ಕಾವಿಯೊಳಗ ತಕ್ಕಡಿ,
ಒಮ್ಮೆ ಹೊಲಿಗಿ ಮಶೀನು.
ಅದರ ಗಾಲಿ ದುಂಡಗ ಬರಲಿಲ್ಲಂತ
ಉಮೇದುವಾರ ನಿಂತು ಬೈದ; ಡಿಪಾಜಿಟ್ಟೂ ಕಳಕೊಂಡ.
ಓಣಿಯ ಎಡಕ್ಕ ಕನ್ನಡ, ಬಲಕ್ಕ ಮರಾಠಿ,
ದರ್ಗಾದ ಹಿಂದ ಉರ್ದು. ಅದನ್ನ ಇಮಾಮಸಾಬ ಬರೀತಿದ್ದ,
ನಾ ಚೌಕಟ್ಟು ಹಾಕತಿದ್ದೆ.
ಎಡಕ್ಕ ಬರದ್ರ ಬಲಗಡೆಯವರು ಸಗಣಿ ಒಗೀತಿದ್ರು,
ಬಲಕ್ಕ ಬರದ್ರ ಎಡಗಡೆಯವರು.
ಸಗಣಿ ಮಾತ್ರ ಒಂದ ಎಮ್ಮಿದು, ನಾಗೂಬಾಯಿದು.

ಎರಡೂ ಲಿಪಿಯೊಳಗ ಒಂದು ಳ ಐತಿ ನೋಡ್ರಿ.
ಪರಊರಿನ ಅಧಿಕಾರಿಗೋಳ ನಾಲಿಗಿ ಹೊರಳೂದಿಲ್ಲ ಅದಕ್ಕ,
ನಮಗ ಹೊರಳತೈತಿ, ಎರಡೂ ಕಡಿ.
ಬೆಳಗಾವಿಯೊಳಗ ಅದ ಐತಿ.
ಜಗಳದೊಳಗೂ ಅದ ಐತಿ.

ಏಕನಾಥ ಢವಳೆ ಹನ್ನೊಂದು ವೋಟಿಲೆ ಸೋತ ರಾತ್ರಿ
ಕರೆಂಟು ಹೋಗಿ ಕಂದೀಲಿನ್ಯಾಗ ಮತ್ತೊಮ್ಮೆ ಎಣಿಸಿದ್ರು.
ಮತ್ತೂ ಹನ್ನೊಂದ.
ಮರುದಿನ ಓಣಿಯೊಳಗ
'ಆ ಹನ್ನೊಂದರಾಗ ಒಂದು ನಂದ' ಅಂದವರು
ಇನ್ನೂರು ಮಂದಿ.
ಢವಳೆಯ ನಾಲ್ಕು ಮಗ್ಗ ಮೂರು ದಿನ ಸುಮ್ಮಕಿದ್ವು.
ಮುನ್ನೂರಾ ಎಂಬತ್ತು ರೂಪಾಯಿ ಬಣ್ಣದ ಬಾಕಿ ಕೇಳಾಕ ಹೋದ್ರ
ಚಾ ಕುಡಿಸಿ ಅಂದ:
'ಮುಂದಿನ ಸಲ ಸೇರಿಸಿ ಕೊಡತೇನಿ, ಬಾಳೇಶಿ.
ಆ ಹನ್ನೊಂದು ಮನಿ ಯಾವಂತ ಗೊತ್ತಾಗ್ಯಾವ ನನಗ.'

ಮುಂದಿನ ಸಲಕ್ಕ ಕ್ಷೇತ್ರನ ಇರಲಿಲ್ಲ.
ಆಕ್ಷೇಪಣೆ ಇದ್ರ ತಿಳಸ್ರಿ ಅಂತ ಕಚೇರಿಯಾಗ ನಕಾಶಿ ಹಚ್ಚಿದ್ರು,
ನೀರಿನ ಮಾಟಿನ ಹಿಂದ.
ಬರಕೊಟ್ಟಾಂವ ಢವಳೆ ಒಬ್ಬನ, ಎರಡೂ ಭಾಷಾದಾಗ.
ಹೊಸಾ ಗೆರಿ ನಾಲಾ ಗುಂಟ ಬಂದು ಹಿಟ್ಟಿನ ಗಿರಣಿ ಹತ್ರ ಹೊರಳಿ
ಅವನ ಹನ್ನೊಂದು ಮನಿಯೊಳಗ
ಆರನ್ನ ಅತ್ತ ಹಾಕಿತು, ಐದನ್ನ ಇತ್ತ.
ಯಾರೂ ಅಳಲಿಲ್ಲ. ದಿನಾ ಮಾಡಲಿಲ್ಲ.
ಅದ ಸಾಲಿ, ಅದ ಖೋಲಿ, ಬೆರಳಿಗೆ ಅದ ಶಾಯಿ.
ನಾಗೂಬಾಯಿ ಮಾತ್ರ ಹೊರಗ ಬಂದು ಕೇಳಿದಳು:
'ನಾವೀಗ ಯಾರ ಪೈಕಿ?'

ಹ್ವಾದ ವರ್ಷ ರಸ್ತಾ ಅಗಲ ಮಾಡಾಕ ಜೇಸಿಬಿ ಬಂತು.
ಸಾಲಿಯ ಗ್ವಾಡಿ ಅಡ್ಡ ಮಲಗಿದಾಗ ಬಗ್ಗಿ ನೋಡಿದೆ:
ಸುಣ್ಣದ ಮ್ಯಾಲ ಸುಣ್ಣ, ಈರುಳ್ಳಿ ಹಂಗ,
ಒಂಟಿಯ ಕೆಳಗ ತಕ್ಕಡಿ, ತಕ್ಕಡಿಯ ಕೆಳಗ ಯಾರದೋ ಕೈಮುಗಿತ,
ಎಲ್ಲಾದರ ಕೆಳಗ ನನ್ನ ಅಪ್ಪನ ಕುಂಚದ ಒಂದು ದಪ್ಪ ಗೆರಿ.
(ಅಪ್ಪ ಗೆರಿ ಎಳದ್ರ ಉಸುರು ಬಿಡತಿರಲಿಲ್ಲ.)
ಢವಳೆನೂ ಬಂದಿದ್ದ, ಕೋಲು ಊರಿ.
ಒಂದು ಚಕ್ಕಿ ಎತ್ತಿ ತೋರಿಸಿದ. ಅರ್ಧ ಮುರದ ಅಕ್ಷರ,
ಬರೇ ಒಂದು ಸುತ್ತು.
'ನನ್ನ ಹೆಸರಿನ ಳ ಇದು' ಅಂದ.
ಕನ್ನಡದ್ದೋ ಮರಾಠಿದೋ
ಬರದ ನನಗೂ ಹೇಳಾಕ ಬರಲಿಲ್ಲ.

ಕಿಸೆದಾಗ ಇಟ್ಟುಕೊಂಡ.
'ನಿನ್ನ ಬಾಕಿ ಐತಲ್ಲ, ಬಿಲ್ ಬರಕೊಡು' ಅಂದ.
ಬೀಡಿ ಕಟ್ಟಿನ ಹಾಳಿ ಹರದು, ಮಣಕಾಲ ಮ್ಯಾಲಿಟ್ಟು,
ಬಾಳ ವರ್ಷಕ್ಕ ಬರದೆ: ಹೊರಪೇಟೆ ಕ್ಷೇತ್ರ. ರೂ. 380.
ಕನ್ನಡಕ ಏರಿಸಿ ಎರಡೆರಡು ಸಲ ಓದಿದ,
ನಾಲ್ಕು ಮಡಚಿ ಚಕ್ಕಿಯ ಜೋಡಿ ಇಟ್ಟ.
ಆಮ್ಯಾಲೆ ಕೋಲು ಎತ್ತಿ, ಧೂಳಿನ್ಯಾಗ ನಡಕೋತ,
ತಿರುಗಿ ನೋಡದ ಅಂದ:
'ಮುಂದಿನ ಸಲ.'